ಅಕ್ಕನಿಗೆ ನಾಲ್ಕು ಹಲ್ಲು ಕೀಳಬೇಕು, ತಮ್ಮನಿಗೆ ಒಂದೂ ಬೇಡ: ಯಾಕೆ?

ಪ್ರಶ್ನೆ: ನಾವು ಮುಧೋಳದವರು. ಮಗಳಿಗೆ 15 ವರ್ಷ, ಮಗನಿಗೆ 10. ಮಗಳದು ಉದ್ದ ಮುಖ. ಹಲ್ಲು ಕಚ್ಚಿ ಹಿಡಿದರೂ ಮುಂದಿನ ಹಲ್ಲು ಒಂದಕ್ಕೊಂದು ತಾಗುವುದಿಲ್ಲ, ಸಂದಿಯಲ್ಲಿ ನಾಲಗೆ ಕಾಣುತ್ತದೆ. ಮಗನದು ಅವರಪ್ಪನ ಹಾಗೆ ಅಗಲ ಮುಖ. ಅವನ ಮೇಲಿನ ಹಲ್ಲು ಒಳಕ್ಕೆ ವಾಲಿ ಕೆಳಗಿನ ಹಲ್ಲನ್ನು ಪೂರಾ ಮುಚ್ಚಿಬಿಡುತ್ತವೆ. ಬಾಗಲಕೋಟೆಯಲ್ಲಿ ಇಬ್ಬರನ್ನೂ ಒಬ್ಬರೇ ಡಾಕ್ಟರಿಗೆ ತೋರಿಸಿದೆವು. ಮಗಳಿಗೆ ನಾಲ್ಕು ಹಲ್ಲು ತೆಗೆದು ಕ್ಲಿಪ್ ಹಾಕಬೇಕು, ಸಣ್ಣ ಸ್ಕ್ರೂ ಕೂಡ ಬೇಕಾಗಬಹುದು ಎಂದರು. ಮಗನಿಗೆ ಹಲ್ಲು ಕೀಳುವುದು ಬೇಡವೇ ಬೇಡ, ಸದ್ಯಕ್ಕೆ ಪ್ಲೇಟ್ ಸಾಕು ಎಂದರು. ಒಬ್ಬ ತಾಯಿಯ ಮಕ್ಕಳಿಗೆ ಎರಡು ಲೆಕ್ಕ ಯಾಕೆ? ಹಲ್ಲು ಹಾಳಾದದ್ದಕ್ಕೆ ಮುಖ ಹೀಗಾಯಿತೋ, ಮುಖ ಹೀಗಿದ್ದದ್ದಕ್ಕೆ ಹಲ್ಲು ಹೀಗಾದವೋ?

ಉತ್ತರ: ಮನೆಯಲ್ಲಿ ಅಡಕತ್ತರಿ ಇದ್ದರೆ ಕೈಗೆತ್ತಿಕೊಳ್ಳಿ. ಕೀಲಿನ ಹತ್ತಿರ ಒಂದು ಅಡಕೆ ಚೂರು ಇಟ್ಟು ಮೆಲ್ಲಗೆ ಮುಚ್ಚಿ ನೋಡಿ. ಚೂರು ಜೋಳದ ಕಾಳಿನಷ್ಟೇ ಇದ್ದರೂ ಅತ್ತ ತುದಿ ಅಗಲವಾಗಿ ತೆರೆದುಕೊಂಡೇ ಇರುತ್ತದೆ. ನಮ್ಮ ದವಡೆಯೂ ಹೀಗೇ. ಕೀಲು ಕಿವಿಯ ಮುಂದೆ ಇದೆ, ದವಡೆ ಹಲ್ಲು ಅದಕ್ಕೆ ಹತ್ತಿರ, ಬಾಚಿಹಲ್ಲು ದೂರ. ಹಿಂದಿನ ದವಡೆ ಹಲ್ಲು 1 ಮಿಲಿಮೀಟರ್ ಹೆಚ್ಚು ಬೆಳೆದು ಬಂದರೆ ಮುಂದೆ 2ರಿಂದ 3 ಮಿಲಿಮೀಟರ್ ಸಂದಿ ಬೀಳುತ್ತದೆ. ಅದರ ಜೊತೆಗೆ ಗದ್ದ ಕೆಳಕ್ಕೂ ಹಿಂದಕ್ಕೂ ತಿರುಗುತ್ತದೆ, ಮುಖ ಉದ್ದವಾಗುತ್ತದೆ. ಮಕ್ಕಳನ್ನು ನಾನು ಕಣ್ಣಾರೆ ನೋಡಿಲ್ಲ. ನೀವು ಬರೆದದ್ದರ ಮೇಲೆ ಹೇಳುವುದಾದರೆ ಮಗಳ ಬಾಯಲ್ಲಿ ಆಗಿರುವುದು ಹೆಚ್ಚುಕಡಿಮೆ ಇದು. ಮಗನ ಬಾಯಲ್ಲಿ ಇದರ ಉಲ್ಟಾ: ಹಿಂದಿನ ಹಲ್ಲು ಬೆಳೆಯಬೇಕಾದಷ್ಟು ಬೆಳೆದಿಲ್ಲ, ಅದಕ್ಕೇ ಮುಂದಿನ ಹಲ್ಲು ಒಂದರ ಮೇಲೊಂದು ಮುಚ್ಚಿಕೊಂಡಿವೆ.

ಅಂದರೆ ಹೊರಗಿಂದ ‘ಹಲ್ಲು ಸರಿ ಇಲ್ಲ’ ಎಂದು ಒಂದೇ ಥರ ಕಂಡರೂ ಇಬ್ಬರದೂ ಎದುರುಬದುರಿನ ತೊಂದರೆ. ಅಕ್ಕನಿಗೆ ಒಳ್ಳೆಯದಾಗುವ ಚಿಕಿತ್ಸೆ ತಮ್ಮನಿಗೆ ಕೆಟ್ಟದ್ದು, ತಮ್ಮನ ಚಿಕಿತ್ಸೆ ಅಕ್ಕನಿಗೆ ಕೆಟ್ಟದ್ದು. ನಿಮ್ಮ ಡಾಕ್ಟರು ಎರಡು ಲೆಕ್ಕ ಹಾಕಿದ್ದಾರಲ್ಲ, ನನಗೆ ಅದರಿಂದಲೇ ಸಮಾಧಾನವಾಯಿತು. ಇಬ್ಬರಿಗೂ ಒಂದೇ ಲೆಕ್ಕ ಹೇಳಿದ್ದರೆ ಇನ್ನೊಬ್ಬರನ್ನು ಕೇಳಿ ಎನ್ನುತ್ತಿದ್ದೆ.

ಮುಖ ಮೊದಲೋ ಹಲ್ಲು ಮೊದಲೋ ಎಂದು ಕೇಳಿದ್ದೀರಿ. ಹೆಚ್ಚಿನ ಮಕ್ಕಳಲ್ಲಿ ಎಲುಬು ಮುಂದೆ ನಡೆಯುತ್ತದೆ, ಹಲ್ಲು ಅದರ ಹಿಂದೆ ಬರುತ್ತದೆ. ಡೆನ್ಮಾರ್ಕಿನ ಆರ್ನೆ ಬ್ಯೋರ್ಕ್ ಎಂಬ ತಜ್ಞರು 1950ರ ದಶಕದಲ್ಲಿ ಬೆಳೆಯುವ ಮಕ್ಕಳ ದವಡೆಯ ಎಲುಬಿನೊಳಗೆ ತೀರಾ ಸಣ್ಣ ಲೋಹದ ಗುರುತುಗಳನ್ನು ಕೂಡಿಸಿ, ವರ್ಷಗಟ್ಟಲೆ ಎಕ್ಸ್‌ರೇ ತೆಗೆಯುತ್ತಾ ಹೋದರು. ಗುರುತುಗಳು ಎತ್ತ ಸರಿದವು ಎಂದು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಕೆಳದವಡೆ ಬರೀ ಉದ್ದಕ್ಕೆ ಬೆಳೆಯುವುದಿಲ್ಲ, ಬೆಳೆಯುತ್ತಲೇ ತಿರುಗುತ್ತದೆ. ಬಹಳ ಮಕ್ಕಳಲ್ಲಿ ಗದ್ದ ಮುಂದಕ್ಕೂ ಮೇಲಕ್ಕೂ ತಿರುಗುತ್ತದೆ. ಕೆಲವರಲ್ಲಿ ಈ ತಿರುವು ಅತಿಯಾಗಿ ಮುಖ ಗಿಡ್ಡವಾಗಿ ಚೌಕಾಗುತ್ತದೆ. ಇನ್ನು ಕೆಲವರಲ್ಲಿ ತಿರುವು ಹಿಂದಕ್ಕೆ ಬಿದ್ದು ಮುಖ ಕೆಳಗಿಳಿಯುತ್ತದೆ. ಹಲ್ಲುಗಳು ಈ ತಿರುಗುವ ಎಲುಬಿನಲ್ಲಿ ಬೇರು ಬಿಟ್ಟವು. ದವಡೆ ದೂರ ಸರಿದಂತೆಲ್ಲ ಎದುರಿನ ಹಲ್ಲನ್ನು ಮುಟ್ಟಲು ಬೆಳೆದು ಬರುತ್ತವೆ, ವಾಲುತ್ತವೆ, ಬಾಗುತ್ತವೆ.

ಈ ವಾಲುವಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ನಿಮ್ಮ ಪ್ರಶ್ನೆಯ ತಿರುಳೇ ಅಲ್ಲಿದೆ. ಹೊಲದ ಬದುವಿನಲ್ಲಿ ದೊಡ್ಡ ಮರದ ನೆರಳಿಗೆ ಸಿಕ್ಕ ಸಣ್ಣ ಬೇವಿನ ಗಿಡ ಬೆಳಕಿರುವ ಕಡೆಗೆ ಬಾಗಿ ಬೆಳೆಯುವುದನ್ನು ನೀವು ನೋಡಿರುತ್ತೀರಿ. ಗಿಡ ಸೊಟ್ಟ ಇದೆ ನಿಜ, ಆದರೆ ಅದು ಬಾಗದಿದ್ದರೆ ಬದುಕುತ್ತಿರಲಿಲ್ಲ. ಹಲ್ಲೂ ಹಾಗೆ. ಕೆಳದವಡೆ ಹಿಂದೆ ಉಳಿದ ಮಕ್ಕಳಲ್ಲಿ ಕೆಳಗಿನ ಬಾಚಿಹಲ್ಲು ಮುಂದಕ್ಕೆ ವಾಲಿ ಮೇಲಿನ ಹಲ್ಲನ್ನು ಮುಟ್ಟಲು ನೋಡುತ್ತವೆ. ಕೆಳದವಡೆ ಮುಂದೆ ಬಂದವರಲ್ಲಿ ಮೇಲಿನ ಹಲ್ಲು ಹೊರಕ್ಕೆ, ಕೆಳಗಿನವು ಒಳಕ್ಕೆ ವಾಲುತ್ತವೆ. ಉದ್ದ ಮುಖದವರಲ್ಲಿ ಮುಂದಿನ ಹಲ್ಲುಗಳು ಎಲುಬಿನ ಸಮೇತ ಎತ್ತರಕ್ಕೆ ಬೆಳೆದು ಸಂದಿ ಮುಚ್ಚಲು ಹೆಣಗುತ್ತವೆ. ಬಹಳ ಸಲ ಗೆಲ್ಲುತ್ತವೆ ಕೂಡ. ಅದಕ್ಕೇ ಉದ್ದ ಮುಖದವರಿಗೆಲ್ಲ ಮುಂದೆ ಸಂದಿ ಇರುವುದಿಲ್ಲ. ಹಲ್ಲು ಸೋತ ಕಡೆ ಮಾತ್ರ ಸಂದಿ ಕಾಣುತ್ತದೆ.

ಅದಕ್ಕಾಗಿ ಸೊಟ್ಟ ಹಲ್ಲು ಕಂಡ ಕೂಡಲೇ ‘ಇದನ್ನು ಸೀದಾ ಮಾಡೋಣ’ ಎನ್ನುವುದಕ್ಕಿಂತ ಮೊದಲು ‘ಇದು ಯಾವ ಕೊರತೆ ತುಂಬಲು ವಾಲಿದೆ’ ಎಂದು ಕೇಳಬೇಕು. ನಮ್ಮ ವಿದ್ಯೆಯಲ್ಲಿ ಇದು ಬಹಳ ಕಾಲ ಹಿಂದೆ ಬಿದ್ದಿತ್ತು. ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಮಾಡಿದ ವಿಂಗಡಣೆಯನ್ನೇ ಇಂದಿಗೂ ಮೊದಲ ಪಾಠವಾಗಿ ಓದುತ್ತೇವೆ. ಅದು ಮೇಲಿನ ಮತ್ತು ಕೆಳಗಿನ ಮೊದಲ ದವಡೆ ಹಲ್ಲು ಹೇಗೆ ಕೂಡುತ್ತವೆ ಎಂಬುದನ್ನಷ್ಟೇ ನೋಡುತ್ತದೆ, ಮುಖ ಉದ್ದವೋ ಗಿಡ್ಡವೋ ಎಂಬುದು ಅದರಲ್ಲಿ ಬರುವುದೇ ಇಲ್ಲ. ಆ್ಯಂಗಲ್ ಹಲ್ಲು ಕೀಳುವುದನ್ನು ಒಪ್ಪುತ್ತಿರಲಿಲ್ಲ. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಮೊದಲು ಗುರುವಿನ ದಾರಿಯಲ್ಲೇ ನಡೆದರು. ಆದರೆ ಹಲವರ ತುಟಿ ಉಬ್ಬಿತು, ಹಲ್ಲು ಮತ್ತೆ ಮೊದಲಿನ ಜಾಗಕ್ಕೆ ಸರಿದವು. ಆಗ ಟ್ವೀಡ್ ತಮ್ಮ ರೋಗಿಗಳನ್ನೇ ಮತ್ತೆ ಕರೆದು, ಹಲ್ಲು ತೆಗೆದು, ಎರಡನೇ ಸಲ ಚಿಕಿತ್ಸೆ ಮಾಡಿದರು. ತಾನು ಮಾಡಿದ್ದನ್ನು ತಾನೇ ತಿದ್ದಿಕೊಂಡ ಆ ಪ್ರಾಮಾಣಿಕತೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಮುಖದ ಬಗೆಯನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಸಾಲದು. ತಲೆಯ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಯುತ್ತೇವೆ, ಸೆಫಲೋಗ್ರಾಮ್ ಎನ್ನುತ್ತಾರೆ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್‌ರಾತ್ ಇಬ್ಬರೂ ಬೇರೆ ಬೇರೆಯಾಗಿ ಇದರ ಕ್ರಮ ಹಾಕಿಕೊಟ್ಟರು. ಅದರ ಮೇಲೆ ಕಣ್ಣಿನ ಗುಳಿಯ ಕೆಳಅಂಚಿನಿಂದ ಕಿವಿಯ ರಂಧ್ರದ ಮೇಲ್ತುದಿಗೆ ಒಂದು ಗೆರೆ, ಕೆಳದವಡೆಯ ಅಡಿಯಂಚಿಗೆ ಇನ್ನೊಂದು ಗೆರೆ ಎಳೆಯುತ್ತೇವೆ. ಎರಡರ ನಡುವಿನ ಕೋನ 25 ಡಿಗ್ರಿ ಆಸುಪಾಸಿನಲ್ಲಿದ್ದರೆ ನಡುಮಟ್ಟದ ಮುಖ. 30 ದಾಟಿದರೆ ಉದ್ದ ಮುಖದ ಬೆಳವಣಿಗೆ, 20ಕ್ಕಿಂತ ಕೆಳಗಿದ್ದರೆ ಗಿಡ್ಡ ಮುಖದ ಬೆಳವಣಿಗೆ. ಕೆಳಗಿನ ಬಾಚಿಹಲ್ಲು ದವಡೆಯ ಅಡಿಯಂಚಿಗೆ ಸುಮಾರು 90 ಡಿಗ್ರಿಯಲ್ಲಿ ನಿಂತಿರಬೇಕೆಂಬುದು ಟ್ವೀಡ್ ಹಾಕಿದ ಲೆಕ್ಕ. ಈ ಅಂಕಿಗಳೆಲ್ಲ ಬಿಳಿಯರ ಮುಖಗಳಿಂದ ಬಂದವು. ನಮ್ಮ ಕಡೆಯವರ ಬಾಚಿಹಲ್ಲು, ತುಟಿ ಹುಟ್ಟಿನಿಂದಲೇ ಒಂದಿಷ್ಟು ಮುಂದಿರುತ್ತವೆ, ಅದು ರೋಗವಲ್ಲ. ಅಂಕಿಗೆ ಹೊಂದಿಸಲು ಹೋಗಿ ಚಂದದ ಮುಖವನ್ನು ಚಪ್ಪಟೆ ಮಾಡಿಕೊಳ್ಳಬಾರದು.

ಈಗ ಮಗಳ ವಿಷಯ. ನಾಲ್ಕು ಹಲ್ಲು ತೆಗೆಯುವುದು ಎಂದರೆ ಸಾಮಾನ್ಯವಾಗಿ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು. ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಹಿಂದೆ ತಂದಾಗ ಅವು ಹಿಂದಕ್ಕೆ ವಾಲುತ್ತಾ ಅಂಚುಗಳು ಒಂದರ ಹತ್ತಿರ ಒಂದು ಬರುತ್ತವೆ, ಸಂದಿ ಮುಚ್ಚುತ್ತದೆ. ತುಟಿ ಕೂಡ ಬಲವಂತವಿಲ್ಲದೆ ಕೂಡುತ್ತದೆ. ಮಗಳು ತುಟಿ ಮುಚ್ಚಿದಾಗ ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಸುಕ್ಕುಗಟ್ಟುತ್ತದೆಯೇ, ಒಮ್ಮೆ ಗಮನಿಸಿ. ಸುಕ್ಕುಗಟ್ಟುತ್ತಿದ್ದರೆ ತುಟಿ ಸಹಜವಾಗಿ ಕೂಡುತ್ತಿಲ್ಲ ಎಂದರ್ಥ.

ಹಲ್ಲು ತೆಗೆಯದೆ ಸಾಲಿಗೆ ತರಬಹುದಲ್ಲ ಎಂದು ಬಹಳ ತಾಯಂದಿರು ಕೇಳುತ್ತಾರೆ. ತರಬಹುದು, ಆದರೆ ಆಗ ಮುಂದಿನ ಹಲ್ಲು ಇನ್ನೂ ಹೊರಕ್ಕೆ ವಾಲುತ್ತವೆ. ಉದ್ದ ಮುಖದವರ ಗದ್ದದ ಎಲುಬು ಎತ್ತರವಾಗಿ ತೆಳ್ಳಗಿರುತ್ತದೆ, ಹಲ್ಲಿನ ಬೇರಿಗೆ ಹಿಂದೆಯೂ ಮುಂದೆಯೂ ಕಾಗದದಂಥ ಎಲುಬಷ್ಟೇ ಆಸರೆ. ಬೇರನ್ನು ಅದರಾಚೆಗೆ ತಳ್ಳಿದರೆ ಕೆಲವು ವರ್ಷಗಳಲ್ಲಿ ವಸಡು ಇಳಿದು ಬೇರು ಕಾಣತೊಡಗುತ್ತದೆ. ಇನ್ನೊಂದು ಅಪಾಯ ಹಿಂದಿನ ಹಲ್ಲಿನದು. ಉದ್ದ ಮುಖದ ದೊಡ್ಡವರ ಕಚ್ಚುವ ಬಲ ನಡುಮಟ್ಟದ ಮುಖದವರ ಅರ್ಧದಷ್ಟೇ ಇರುತ್ತದೆ ಎಂದು 1983ರಲ್ಲಿ ಅಮೆರಿಕದ ದಂತತಜ್ಞ ಪ್ರಾಫಿಟ್ ಮತ್ತು ಜೊತೆಗಾರರು ಅಳೆದು ತೋರಿಸಿದರು. ಚಿಕ್ಕ ಮಕ್ಕಳಲ್ಲಿ ಈ ಅಂತರ ಅವರಿಗೆ ಕಾಣಲಿಲ್ಲ ಎಂಬುದೂ ಗಮನಿಸಬೇಕಾದದ್ದು. ಬಲ ಕಡಿಮೆ ಇರುವ ಬಾಯಲ್ಲಿ ಕ್ಲಿಪ್ಪಿನ ರಬ್ಬರ್ ಎಳೆತಕ್ಕೆ ದವಡೆ ಹಲ್ಲು ಸಲೀಸಾಗಿ ಮೇಲೆದ್ದು ಬರುತ್ತದೆ. ಅಡಕತ್ತರಿಯ ಚೂರು ನೆನಪಿದೆಯಲ್ಲ? ಹಿಂದೆ ಒಂದು ಮಿಲಿಮೀಟರ್ ಎದ್ದರೆ ಮುಂದೆ ಆದ ಕೆಲಸವೆಲ್ಲ ನೀರಿನ ಪಾಲು.

ಡಾಕ್ಟರು ಸಣ್ಣ ಸ್ಕ್ರೂ ಎಂದದ್ದು ಇದಕ್ಕೇ. 1997ರಲ್ಲಿ ಜಪಾನಿನ ಕನೋಮಿ ಎಂಬವರು ಬಳಕೆಗೆ ತಂದ ಈ ಮಿನಿ ಸ್ಕ್ರೂವನ್ನು ವಸಡಿನ ಮೂಲಕ ಎಲುಬಿಗೆ ಕೂಡಿಸುತ್ತಾರೆ. ಜುಮ್ಮೆನ್ನುವ ಇಂಜೆಕ್ಷನ್ ಸಾಕು, ಕೆಲಸ ಮುಗಿದ ಮೇಲೆ ತಿರುವಿ ತೆಗೆಯುತ್ತಾರೆ. ಅದನ್ನು ಆಸರೆ ಮಾಡಿಕೊಂಡು ದವಡೆ ಹಲ್ಲನ್ನು ಒಳಕ್ಕೆ ಒತ್ತಿದರೆ ಅಡಕತ್ತರಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಗದ್ದ ಸ್ವಲ್ಪ ಮುಂದೆ ಬರುತ್ತದೆ, ಮುಖದ ಉದ್ದವೂ ಒಂದಿಷ್ಟು ಇಳಿಯುತ್ತದೆ. ನಾಲ್ಕು ಹಲ್ಲು ತೆಗೆಯುವುದೋ, ಸ್ಕ್ರೂನಿಂದ ಒತ್ತುವುದೋ, ಎರಡೂ ಬೇಕೋ ಎಂಬುದು ಅವಳ ತುಟಿ ಎಷ್ಟು ಉಬ್ಬಿದೆ, ಹಲ್ಲು ಎಷ್ಟು ಇಕ್ಕಟ್ಟಾಗಿವೆ ಎಂಬುದರ ಮೇಲೆ ನಿಂತಿದೆ. ಇದನ್ನು ಡಾಕ್ಟರನ್ನೇ ಬಿಡಿಸಿ ಕೇಳಿ.

‘ಹಲ್ಲು ಕಿತ್ರ ಕಣ್ಣು ಮಂಜ ಆಗ್ತಾವಂತ, ಖರೇ ಏನ್ರಿ?’ ಎಂದು ಕೇಳದ ಅಜ್ಜಿ ನಮ್ಮ ಭಾಗದಲ್ಲಿ ಅಪರೂಪ. ಖರೇ ಅಲ್ಲ. ಹಲ್ಲಿನ ನರವೂ ನೋಟದ ನರವೂ ಬೇರೆ ಬೇರೆ, ಮೇಲಿನ ಹಲ್ಲು ತೆಗೆದರೆ ದೃಷ್ಟಿಗೆ ಏನೂ ಆಗುವುದಿಲ್ಲ.

ಮಗಳ ವಿಷಯದಲ್ಲಿ ಇನ್ನೊಂದು ಮಾತು, ನಿಮ್ಮ ಪತ್ರದಲ್ಲಿ ಇಲ್ಲದ್ದು. ರಾತ್ರಿ ಬಾಯಿ ತೆರೆದು ಮಲಗುತ್ತಾಳೆಯೇ? ಗೊರಕೆ ಇದೆಯೇ? ಮೂಗು ಸದಾ ಕಟ್ಟಿರುತ್ತದೆಯೇ? ಬಾಯಿಂದ ಉಸಿರಾಡುವ ಮಗು ನಾಲಗೆಯನ್ನು ಅಂಗುಳಿಗೆ ಒತ್ತದೆ ಕೆಳಗೆ ಇಳಿಬಿಡುತ್ತದೆ, ದವಡೆ ಜೋತು ಬೀಳುತ್ತದೆ, ತಡೆ ಇಲ್ಲದ ದವಡೆ ಹಲ್ಲು ಬೆಳೆದು ಬರುತ್ತದೆ. ಸ್ವೀಡನ್ನಿನ ಲಿಂಡರ್-ಅರೊನ್ಸನ್ ಅವರು ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ ತೆಗೆಸಿಕೊಂಡು ಮೂಗಿನಿಂದ ಉಸಿರಾಡತೊಡಗಿದ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದರು. ಆ ಮಕ್ಕಳಲ್ಲಿ ಗದ್ದದ ಬೆಳವಣಿಗೆ ಮುಂದಿನ ದಿಕ್ಕಿಗೆ ತಿರುಗಿತ್ತು. ಹಾಗಂತ ಉದ್ದ ಮುಖಕ್ಕೆಲ್ಲ ಮೂಗನ್ನೇ ದೂರುವುದು ತಪ್ಪು, ಮುಖದ ಉದ್ದದಲ್ಲಿ ಹುಟ್ಟಿನ ಪಾಲೇ ದೊಡ್ಡದು. ಆದರೂ ಕ್ಲಿಪ್ ಹಾಕಿಸುವ ಮೊದಲು ಒಮ್ಮೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಮೂಗು ಕಟ್ಟಿದ್ದು ಹಾಗೇ ಉಳಿದರೆ, ನಾಲಗೆ ಸಂದಿಯಲ್ಲಿ ಹೊಕ್ಕುವ ರೂಢಿ ಬಿಡದಿದ್ದರೆ, ಮುಚ್ಚಿದ ಸಂದಿ ಮತ್ತೆ ತೆರೆಯುತ್ತದೆ. ಮುಖ ಅಗಲಕ್ಕೆ ಬೆಳೆಯುವುದು ಮೊದಲು ನಿಲ್ಲುತ್ತದೆ, ಆಮೇಲೆ ಮುಂದಕ್ಕೆ, ಎಲ್ಲಕ್ಕೂ ಕೊನೆಗೆ ಉದ್ದಕ್ಕೆ. ಹೆಣ್ಣುಮಕ್ಕಳಲ್ಲಿ ಈ ಉದ್ದದ ಬೆಳವಣಿಗೆ 17-18ರ ತನಕ ಇರುತ್ತದೆ. ಆದ್ದರಿಂದ ಅವಳು ಕ್ಲಿಪ್ ತೆಗೆದ ಮೇಲೂ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್ ಅನ್ನು ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಆರು ತಿಂಗಳಿಗೆ ಡಬ್ಬಿ ಸೇರಿದ ರಿಟೇನರ್‌ಗಳನ್ನು ನಾನು ಬಹಳ ನೋಡಿದ್ದೇನೆ.

ಮಗನಿಗೆ ಹಲ್ಲು ಕೀಳಬೇಡಿ ಎಂದದ್ದು ನೂರಕ್ಕೆ ನೂರು ಸರಿ. ಗಿಡ್ಡ ಮುಖದವರ ಅಗಿಯುವ ಸ್ನಾಯು ಗಟ್ಟಿ, ದವಡೆ ಹಲ್ಲು ಕಂಬ ಹೂತಂತೆ ನಿಂತಿರುತ್ತವೆ. ಅಂಥ ಬಾಯಲ್ಲಿ ಹಲ್ಲು ಕಿತ್ತರೆ ಜಾಗ ಮುಚ್ಚುವುದೇ ದೊಡ್ಡ ಕಷ್ಟ. ಮುಚ್ಚಿದರೂ ಬಾಚಿಹಲ್ಲು ಇನ್ನಷ್ಟು ಒಳಕ್ಕೆ ಬಿದ್ದು ಕಚ್ಚು ಇನ್ನೂ ಆಳವಾಗುತ್ತದೆ, ತುಟಿ ಒಳಸರಿದು ಹುಡುಗ ಮುದುಕನ ಹಾಗೆ ಕಾಣುತ್ತಾನೆ.

ಅವನ ಮೇಲಿನ ಬಾಚಿಹಲ್ಲು ಒಳಕ್ಕೆ ಯಾಕೆ ವಾಲಿವೆ ಗೊತ್ತೇ? ಮುಖ ಗಿಡ್ಡವಾದಾಗ ಕೆಳತುಟಿ ಮೇಲಿನ ಹಲ್ಲಿನ ಬಹುಭಾಗವನ್ನು ಮುಚ್ಚುವಷ್ಟು ಮೇಲೆ ಕೂಡುತ್ತದೆ. ಆ ತುಟಿ ಹಗಲೂ ರಾತ್ರಿ ಹಲ್ಲನ್ನು ಒಳಕ್ಕೆ ಒತ್ತುತ್ತದೆ. ಒಳಕ್ಕೆ ವಾಲಿದ ಮೇಲಿನ ಹಲ್ಲು ಮುಚ್ಚಿದ ಬಾಗಿಲಿನಂತೆ ನಿಂತು, ಕೆಳಗಿನ ಹಲ್ಲುಗಳಿಗೂ ಮುಂದೆ ಬರಲು ದಾರಿ ಕೊಡುವುದಿಲ್ಲ. ಹೀಗೆ ಒಳಕ್ಕೆ ವಾಲುವ ಬಗೆ ಮನೆತನದಲ್ಲಿ ಹರಿದು ಬರುವುದು ಹೆಚ್ಚು, ಅವರಪ್ಪನ ಬಾಯಿ ತೆರೆಸಿ ನೋಡಿದರೆ ಅದೇ ಚಿತ್ರ ಕಂಡರೂ ಆಶ್ಚರ್ಯವಿಲ್ಲ. ಕೆಳಗಿನ ಹಲ್ಲು ಅಂಗುಳಿನ ವಸಡಿಗೆ ಚುಚ್ಚುತ್ತಿವೆಯೇ ಎಂದು ಟಾರ್ಚ್ ಹಿಡಿದು ನೋಡಿ. ಅಲ್ಲಿ ಕೆಂಪು ಗುರುತು ಇದ್ದರೆ ತಡ ಮಾಡಬೇಡಿ.

ಡಾಕ್ಟರು ಹೇಳಿದ ಪ್ಲೇಟ್ ಮೇಲಿನ ಹಲ್ಲಿನ ಹಿಂದೆ ಅಂಗುಳಿಗೆ ಕೂಡುತ್ತದೆ. ಅದು ಏನು ಮಾಡುತ್ತದೆ ಅಂದರೆ, ಮುಂದಿನ ಕೆಳಹಲ್ಲು ಅದರ ಮೇಲೆ ಕೂತಾಗ ಹಿಂದೆ ದವಡೆ ಹಲ್ಲುಗಳ ನಡುವೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಅವು ಬೆಳೆದು ಬರುತ್ತವೆ, ಮುಂದಿನ ಆಳ ಕಡಿಮೆಯಾಗುತ್ತದೆ. ಅಕ್ಕನಲ್ಲಿ ಯಾವುದು ಆಗಬಾರದು ಎಂದು ಹೆದರುತ್ತೇವೋ ಅದನ್ನೇ ತಮ್ಮನಲ್ಲಿ ಬೇಕೆಂದೇ ಮಾಡಿಸುತ್ತೇವೆ. ಇದಕ್ಕೆ ಬೆಳೆಯುವ ವಯಸ್ಸೇ ಬೇಕು. ಬೆಳವಣಿಗೆ ನಿಂತವರಲ್ಲಿ ದವಡೆ ಹಲ್ಲನ್ನು ಎಬ್ಬಿಸಿದರೂ ಗಟ್ಟಿ ಸ್ನಾಯುಗಳು ಅದನ್ನು ಮತ್ತೆ ಒತ್ತಿ ಕೂಡಿಸುವ ಸಂಭವ ಜಾಸ್ತಿ. ಆಮೇಲೆ ಮೇಲಿನ ಹಲ್ಲನ್ನು ಸ್ವಲ್ಪ ಹೊರಕ್ಕೆ ತಂದು ‘ಬಾಗಿಲು’ ತೆರೆದು, ಕೆಳದವಡೆ ಹಿಂದಿದ್ದರೆ ಟ್ವಿನ್ ಬ್ಲಾಕ್‌ನಂಥ ಸಾಧನದಿಂದ ಮುಂದೆ ಬೆಳೆಯಲು ಅವಕಾಶ ಮಾಡಿಕೊಡುತ್ತಾರೆ. ಅದು ಎತ್ತರ ಜಿಗಿಯುವ ವಯಸ್ಸಿನಲ್ಲಿ ಚೆನ್ನಾಗಿ ಫಲ ಕೊಡುತ್ತದೆ, ಗಂಡುಮಕ್ಕಳಲ್ಲಿ ಸಾಮಾನ್ಯವಾಗಿ 12ರಿಂದ 14.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಕೆಲಸ ಶುರು ಮಾಡಿದ ಹೊಸದರಲ್ಲಿ 12 ವರ್ಷದ ಒಬ್ಬ ಹುಡುಗ ಬಂದಿದ್ದ. ಕೆಳಗಿನ ಹಲ್ಲು ಮೇಲಿನ ಹಲ್ಲಿನ ಮುಂದೆ ಕೂಡುತ್ತಿತ್ತು. ನಾನು ಮೇಲಿನವನ್ನು ಹೊರಕ್ಕೆ ತಂದೆ, ಕೆಳಗಿನವನ್ನು ಒಳಕ್ಕೆ ಎಳೆದೆ. ಒಂದೂವರೆ ವರ್ಷದಲ್ಲಿ ನಗು ಬದಲಾಯಿತು, ಮನೆಯವರು ಕರದಂಟಿನ ಡಬ್ಬಿ ತಂದುಕೊಟ್ಟು ಹೋದರು. 19ಕ್ಕೆ ಅವನು ತಿರುಗಿ ಬಂದಾಗ ಗದ್ದ ಬೆಳೆದು ಮುಂದೆ ಬಂದಿತ್ತು, ಹಲ್ಲು ಮತ್ತೆ ಉಲ್ಟಾ ಆಗಿದ್ದವು. ಹಲ್ಲು ಆಗಲೇ ಯಾವ ದಿಕ್ಕಿಗೆ ವಾಲಿ ಎಲುಬಿನ ಕೊರತೆ ಮುಚ್ಚಿದ್ದವೋ ಅದೇ ದಿಕ್ಕಿಗೆ ನಾನು ಇನ್ನಷ್ಟು ವಾಲಿಸಿದ್ದೆ. ಮುಂದೆ ವಾಲಲು ಅವಕ್ಕೆ ಜಾಗವೇ ಉಳಿದಿರಲಿಲ್ಲ. ದವಡೆಯ ಶಸ್ತ್ರಚಿಕಿತ್ಸೆಯೇ ದಾರಿಯಾಯಿತು. ಅದಕ್ಕೂ ಮೊದಲು ಸುಮಾರು ಒಂದು ವರ್ಷ ಕ್ಲಿಪ್ ಹಾಕಿ ನಾನು ವಾಲಿಸಿದ ಹಲ್ಲುಗಳನ್ನೆಲ್ಲ ಹಿಂದಿರುಗಿಸಬೇಕಾಯಿತು. ಆ ಒಂದು ವರ್ಷ ಅವನ ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ‘ಮಾರಿ ಇನ್ನೂ ಹಾಳಾತಲ್ರಿ’ ಎಂದು ಅವನ ತಾಯಿ ಅತ್ತದ್ದನ್ನು ನಾನು ಮರೆತಿಲ್ಲ. ಮೊದಲ ದಿನ ಅವನನ್ನು ಕರೆತಂದಿದ್ದವರು ಅವನ ಮುತ್ತ್ಯಾ. ಅದೇ ಉದ್ದ ಗದ್ದದ ಮನುಷ್ಯ ನನ್ನೆದುರೇ ಕುರ್ಚಿಯಲ್ಲಿ ಕೂತಿದ್ದರು. ನಾನು ಹುಡುಗನ ಬಾಯೊಳಗೆ ನೋಡುತ್ತಿದ್ದೆ, ಅವರ ಮುಖ ನೋಡಲಿಲ್ಲ.

ಮುಂದೆ ಚಾಚಿದ ಕೆಳದವಡೆ ವಂಶದಲ್ಲಿ ಇಳಿದು ಬರುವುದಕ್ಕೆ ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನ ದೊಡ್ಡ ಸಾಕ್ಷಿ. ತಲೆಮಾರುಗಳ ವರ್ಣಚಿತ್ರಗಳಲ್ಲಿ ಅದೇ ಗದ್ದ ಕಾಣುತ್ತದೆ. ಆ ಮನೆತನದಲ್ಲಿ ಒಳಗೊಳಗೇ ಆದ ಮದುವೆಗಳಿಗೂ ಆ ಗದ್ದಕ್ಕೂ ನಂಟಿದೆ ಎಂದು ಸ್ಪೇನಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಸೋದರಿಕೆ ಸಂಬಂಧ ನಮ್ಮ ಭಾಗದಲ್ಲೂ ಇರುವುದರಿಂದ ಈಗ ನಾನು ಎರಡೂ ಕಡೆಯ ಅಜ್ಜ-ಅಜ್ಜಿಯರ ಮುಖದ ಪಕ್ಕದಿಂದ ತೆಗೆದ ಫೋಟೊ ತರಲು ಹೇಳುತ್ತೇನೆ. ನೀವೂ ಒಯ್ಯಿರಿ.

ಖಟಕ ರೊಟ್ಟಿ ಅಗಿದರೆ ಮುಖ ಅಗಲವಾದೀತೇ ಎಂದು ಕೆಲವರು ಕೇಳುತ್ತಾರೆ. ಬೆಳೆಯುವ ದವಡೆಗೆ ಅಗಿತ ಒಳ್ಳೆಯದೇ, ಆದರೆ ಬಿದ್ದ ಸಂದಿಯನ್ನು ರೊಟ್ಟಿ ಮುಚ್ಚಲಾರದು. ಕ್ಲಿಪ್ ಹಾಕಿದ ಮೇಲಂತೂ ಖಟಕ ರೊಟ್ಟಿ, ಅಮೀನಗಡದ ಕರದಂಟು ಎರಡೂ ಬಂದ್. ಮೆತ್ತನೆಯ ಬಿಸಿ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ಕೊಡಿ.

ಮುಂದಿನ ಸಲ ಹೋದಾಗ ಡಾಕ್ಟರಿಗೆ ಇಷ್ಟು ಕೇಳಿ: ಇಬ್ಬರ ಸೆಫಲೋಗ್ರಾಮ್‌ನಲ್ಲಿ ಆ ಕೋನ ಎಷ್ಟು ಬಂದಿದೆ, ಮಗಳ ದವಡೆ ಹಲ್ಲು ಮೇಲೇಳದಂತೆ ಏನು ವ್ಯವಸ್ಥೆ ಮಾಡುತ್ತೀರಿ, ಅವಳ ಕೆಳಗಿನ ಬಾಚಿಹಲ್ಲಿನ ಮುಂದೆ ಎಲುಬು ಎಷ್ಟಿದೆ. ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳದೆ ಎಕ್ಸ್‌ರೇ ಮೇಲೆ ಬೆರಳಿಟ್ಟು ತೋರಿಸುವವರು ಸಿಕ್ಕರೆ ಅಲ್ಲೇ ಮಾಡಿಸಿ. ಎರಡನೇ ಅಭಿಪ್ರಾಯ ಬೇಕೆನಿಸಿದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಎಕ್ಸ್‌ರೇ ಪ್ರತಿಯನ್ನು ಜೊತೆಗೆ ಒಯ್ದರೆ ಮತ್ತೆ ತೆಗೆಸುವುದು ತಪ್ಪೀತು.

ಮಗಳದು ಈ ವರ್ಷ ಪರೀಕ್ಷೆ ಇದ್ದರೆ ಒಂದೆರಡು ತಿಂಗಳು ತಡವಾದರೂ ನಡೆಯುತ್ತದೆ. ಮಗನದು ಮಾತ್ರ ಗಡಿಯಾರದ ಕೆಲಸ. ಇವತ್ತೇ ಅವನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿ. ಎರಡು ಗೆರೆಗಳ ನಡುವಿನ ಅಂತರ ಒಮ್ಮೆಲೇ ಜಾಸ್ತಿಯಾದದ್ದು ಕಂಡರೆ, ಆ ವಾರವೇ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯಿರಿ.